ಫ್ರಾನ್ಸಿಸ್ಕನ್ ಸಂಘದ ಉಗಮ ಮತ್ತು ಅಪರಿಗ್ರಹದ ಧ್ಯೇಯ

ಮಧ್ಯಯುಗದ ಯೂರೋಪಿನ ಕ್ರೈಸ್ತ ಮಠಗಳಲ್ಲಿ ಸಂನ್ಯಾಸಿಗೆ ಸ್ವಂತದ್ದೆಂಬುದು ಯಾವುದೂ ಇರಲಿಲ್ಲ; ಆದರೆ ಮಠಕ್ಕೆ ಹೊಲಗದ್ದೆಗಳೂ ದ್ರಾಕ್ಷಿತೋಟಗಳೂ ಇದ್ದುವು. ಹೀಗಾಗಿ ವ್ಯಕ್ತಿ ಬಡವನಾಗಿದ್ದರೂ ಸಂಸ್ಥೆ ಸಿರಿವಂತವಾಗಬಹುದಾಗಿತ್ತು. ಹದಿಮೂರನೆಯ ಶತಮಾನದ ಆದಿಯಲ್ಲಿ ಇಟಲಿಯಲ್ಲಿ ಉದಿಸಿದ ಫ್ರಾನ್ಸಿಸ್ಕನ್ ಸಂಘವು ಸಂಸ್ಥೆಯೂ ಬಡತನವನ್ನೇ ವರಿಸಬೇಕೆಂದು ಸಾರಿತು. ಈ ಧ್ಯೇಯವು ಮೂಡಿದ ಬಗೆಯನ್ನೂ ಅದು ಎದುರಿಸಿದ ಪರೀಕ್ಷೆಯನ್ನೂ ಇಲ್ಲಿ ಸಂಗ್ರಹವಾಗಿ ಪರಿಶೀಲಿಸುವೆವು.

ಸಂಘದ ಸ್ಥಾಪಕನಾದ ಫ್ರಾನ್ಸಿಸನು (ಸು. 1181–1226) ಅಸೀಸಿ ನಗರದ ಬಟ್ಟೆಯ ವರ್ತಕನೊಬ್ಬನ ಮಗ. ಯುದ್ಧದಲ್ಲಿ ಸೆರೆಸಿಕ್ಕಿ, ರೋಗದಿಂದ ನರಳಿ ಮನಸ್ಸು ತಿರುಗಿದ ಮೇಲೆ ಅವನು ಬಿಷಪ್ಪನ ಸಮ್ಮುಖದಲ್ಲಿ ಪಿತ್ರಾರ್ಜಿತವನ್ನು ತ್ಯಜಿಸಿ, ಉಟ್ಟ ಬಟ್ಟೆಯನ್ನೂ ತಂದೆಗೆ ಕಳಚಿಕೊಟ್ಟನೆಂದು ಚರಿತ್ರಕಾರರು ಬರೆದಿದ್ದಾರೆ. ಸುಮಾರು 1209ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟನು ಅವನ ಸಣ್ಣ ತಂಡಕ್ಕೆ ಬಾಯ್ಮಾತಿನ ಸಮ್ಮತಿಯನ್ನಿತ್ತನು. 1223ರಲ್ಲಿ ಮೂರನೆಯ ಹೊನೋರಿಯಸನು ನಿಯಮಾವಳಿಯನ್ನು ಲಿಖಿತವಾಗಿ ಸ್ಥಿರಪಡಿಸಿದನು. 'ಕಿರಿಯ ಸೋದರ'ರೆಂದು ಹೆಸರಾಂತ ಇವರು ಹಣವನ್ನು ಸ್ವೀಕರಿಸದೆ, ಕೈದುಡಿಮೆಯಿಂದಲೂ ಭಿಕ್ಷೆಯಿಂದಲೂ ಜೀವಿಸುತ್ತ, ಊರೂರು ಸಂಚರಿಸಿ ಬೋಧಿಸಬೇಕಾಗಿತ್ತು.

ಸಂಘವು ಬೆಳೆದಂತೆ ತೊಡಕು ತಲೆದೋರಿತು. ನಗರಗಳಲ್ಲಿ ಸೋದರರಿಗೆ ವಸತಿಗಳು ಬೇಕಾದುವು. ಪ್ಯಾರಿಸ್, ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಗಳಲ್ಲಿ ಅವರು ಅಧ್ಯಾಪಕರಾದರು. ಗ್ರಂಥಗಳಿಲ್ಲದೆ ಪಾಠ ನಡೆಯುವುದೆಂತು? 1230ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯು ಒಡೆತನ ಬೇರೆ, ಬಳಕೆ ಬೇರೆ ಎಂದು ವಿಂಗಡಿಸಿ, ಬಳಕೆಯನ್ನು ಮಾತ್ರ ಸೋದರರಿಗೆ ವಿಧಿಸಿದನು. ದಾನಿಗಳು ತಮ್ಮಲ್ಲಿ ಉಳಿಸಿಕೊಳ್ಳದ ಸ್ವತ್ತಿನ ಒಡೆತನವನ್ನು 1245ರಲ್ಲಿ ನಾಲ್ಕನೆಯ ಇನ್ನೊಸೆಂಟನು ಪೋಪರ ಪೀಠಕ್ಕೆ ಸೇರಿಸಿದನು.

ಈ ವಿಂಗಡಣೆ ಬಡತನವನ್ನು ಕಾಪಾಡಿತೆ, ಮರೆಮಾಡಿತೆ? ಬಳಕೆಯೂ ಮಿತವಾಗಿರದಿದ್ದರೆ ವ್ರತವೇ ಭಂಗವಾದಂತೆ ಎಂದು 'ಆಧ್ಯಾತ್ಮಿಕ'ರೆಂಬ ಪಕ್ಷದವರು ವಾದಿಸಿದರು. ಆಜ್ಞೆಗೆ ಮಣಿಯದ ಅವರಲ್ಲಿ ನಾಲ್ವರನ್ನು 1318ರಲ್ಲಿ ಮಾರ್ಸೇಯಲ್ಲಿ ಸುಡಲಾಯಿತು. ಇತ್ತ ಪೋಪ್ ಇಪ್ಪತ್ತೆರಡನೆಯ ಜಾನನು, ತಿಂದರೆ ತೀರಿಹೋಗುವ ಆಹಾರದಲ್ಲಿ ಬಳಕೆಯನ್ನು ಒಡೆತನದಿಂದ ಬೇರ್ಪಡಿಸುವುದು ಅಸಾಧ್ಯವೆಂದು ತರ್ಕಿಸಿ, 1322ರಲ್ಲಿ ಪೀಠದ ಒಡೆತನವನ್ನೇ ಬಿಟ್ಟುಕೊಟ್ಟನು. ಎರಡು ಪಕ್ಷಗಳೂ ಪರಸ್ಪರ ವಿರುದ್ಧವಾದ ಉದ್ದೇಶದಿಂದ ಆ ವಿಂಗಡಣೆಯ ದೌರ್ಬಲ್ಯವನ್ನೇ ಎತ್ತಿತೋರಿಸಿದುದನ್ನು ನಾವು ಗಮನಿಸಬೇಕು.

1517ರಲ್ಲಿ ಸಂಘವು ನಿಯಮನಿಷ್ಠರು, ಮಠವಾಸಿಗಳು ಎಂದು ಇಬ್ಭಾಗವಾಯಿತು. 1528ರಲ್ಲಿ ಕಪುಚಿನ್ ಶಾಖೆ ಮನ್ನಣೆ ಪಡೆಯಿತು. ಈ ಕವಲುಗಳ ಮೂಲದಲ್ಲಿಯೂ ಬಡತನದ ಪ್ರಶ್ನೆಯೇ ಇದ್ದಿತು. ಅಪರಿಗ್ರಹವನ್ನು ಸಂಸ್ಥೆಯ ನಿಯಮವಾಗಿ ನೆಲೆಗೊಳಿಸುವುದು ಕಷ್ಟವಾದರೂ, ಸುಧಾರಕರು ಮತ್ತೆ ಮತ್ತೆ ಸ್ಥಾಪಕನ ಬದುಕಿನತ್ತ ತಿರುಗಲು ಆ ಧ್ಯೇಯವೇ ಪ್ರೇರಕವಾಯಿತೆಂದು ನಾವು ಭಾವಿಸುತ್ತೇವೆ.