ಒಂದೇ ಪರಮಾಣುವಿನ ದಪ್ಪದ ಹಾಳೆ

ಬಲಿತ ಬಿದಿರಿನ ಗಳುವನ್ನು ಬಳೆಯಂತೆ ಬಾಗಿಸಹೊರಟರೆ ಅದು ಸಿಡಿದು ಸೀಳುತ್ತದೆ. ಅದರಿಂದಲೇ ತೆಗೆದ ತೆಳುವಾದ ಸೀಳನ್ನಾದರೋ ಮೇದರು ಬೇಕಾದಂತೆ ಮಣಿಸಿ ಮೊರವನ್ನು ಹೆಣೆಯುತ್ತಾರೆ. ಬದಲಾದುದು ಬಿದಿರಲ್ಲ, ಅದರ ದಪ್ಪ. ಮೈಮೇಲೆ ಧರಿಸುವ ವಿದ್ಯುದುಪಕರಣಗಳನ್ನು ರಚಿಸಹೊರಟ ವಿಜ್ಞಾನಿಗಳು ನೆಚ್ಚಿರುವುದೂ ಈ ತತ್ತ್ವವನ್ನೇ.

ಹಲಗೆಯೊಂದನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಲಗೆಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಹಿಗ್ಗಿನ ಪ್ರಮಾಣವು ಸರಿಸುಮಾರಾಗಿ ದೊರೆಯುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಸಿಲಿಕಾನ್ ಬಿಲ್ಲೆಯನ್ನು 5 ಮಿಲಿಮೀಟರ್ ತ್ರಿಜ್ಯದ ಬೆರಳಿಗೆ ಸುತ್ತಬೇಕೆಂದು ಭಾವಿಸೋಣ. ಅದರ ಹೊರಮೈ ನೂರಕ್ಕೆ 5ರಷ್ಟು ಹಿಗ್ಗಬೇಕಾಗುತ್ತದೆ. ಸಿಲಿಕಾನ್ ಗಾಜಿನಂತೆ ಪೆಡಸಾದ ವಸ್ತು. ಅಂಥ ಬಿಲ್ಲೆಯು ಅಷ್ಟು ಹಿಗ್ಗುವುದಕ್ಕೆ ಬಹಳ ಮೊದಲೇ ಒಡೆದುಹೋಗುತ್ತದೆ.

ಹಾಗಾದರೆ ವಸ್ತುವನ್ನು ಎಷ್ಟರಮಟ್ಟಿಗೆ ತೆಳುವಾಗಿಸಬಹುದು? ನಾವು ಬರೆಯುವ ಸೀಸದ ಕಡ್ಡಿಯಲ್ಲಿರುವುದು ಸೀಸವಲ್ಲ, ಇಂಗಾಲದ ಒಂದು ರೂಪವಾದ ಗ್ರಾಫೈಟ್. ಅದು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಕಟ್ಟಿನಂತಿದೆ. ಹಾಳೆಯೊಳಗೆ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಷಡ್ಭುಜಗಳ ಜಾಲವಾಗಿ ಬಿಗಿದುಕೊಂಡಿವೆ; ಹಾಳೆಹಾಳೆಗಳ ನಡುವಣ ಬಂಧವಾದರೋ ಸಡಿಲ. ಒಂದು ಮಿಲಿಮೀಟರ್ ದಪ್ಪದಲ್ಲಿ ಇಂಥ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಮತ್ತು ಸಂಗಡಿಗರು ಸಾಧಾರಣವಾದ ಅಂಟುಪಟ್ಟಿಯಿಂದ ಇವನ್ನು ಸುಲಿದು ಸುಲಿದು, ಕಡೆಗೆ ಒಂದೇ ಹಾಳೆಯನ್ನು ಬೇರ್ಪಡಿಸಿದರು. ಅದೇ ಗ್ರಾಫೀನ್. 2010ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಅವರಿಬ್ಬರಿಗೆ ಸಂದಿತು. ಇಷ್ಟು ಅಗ್ಗದ ಸಲಕರಣೆಯಿಂದ ಅದನ್ನು ಗಳಿಸಿದವರು ಹೆಚ್ಚು ಮಂದಿಯಿರಲಾರರು!

ಇದರಿಂದ ರೋಗಿಗೇನು ಪ್ರಯೋಜನ? ಎದೆಯ ಮಿಡಿತವು ಆಗೊಮ್ಮೆ ಈಗೊಮ್ಮೆ ಮಾತ್ರ ತಪ್ಪುವವನ ಹೃದಯದ ವಿದ್ಯುತ್ ಸಂಕೇತಗಳನ್ನು ದಿನಗಟ್ಟಲೆ ದಾಖಲಿಸಬೇಕಾಗುತ್ತದೆ. ಮಸೂರದಡಿಯಲ್ಲಿ ನೋಡಿದರೆ ನಮ್ಮ ಚರ್ಮವು ಉತ್ತ ಹೊಲದಂತೆ ಕಾಣುತ್ತದೆ. ಲೋಹದ ಬಿಲ್ಲೆಯು ದಿಣ್ಣೆಗಳ ಮೇಲಷ್ಟೇ ಕೂರುವುದರಿಂದ, ತಗ್ಗುಗಳನ್ನು ತುಂಬಲು ಲೋಳೆಯಂಥ ಲೇಪವನ್ನು ಹಚ್ಚುತ್ತಾರೆ. ಅದು ಹೊತ್ತು ಕಳೆದಂತೆ ಒಣಗುತ್ತದೆ, ಸಂಕೇತವೂ ಕೆಡುತ್ತದೆ. 2017ರಲ್ಲಿ ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಗ್ರಾಫೀನಿಗೆ ಪ್ಲಾಸ್ಟಿಕ್ ಪೊರೆಯೊಂದನ್ನು ಜೋಡಿಸಿ, ಒಟ್ಟು 463 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ದಪ್ಪದ ಪಟ್ಟಿಯನ್ನು ರಚಿಸಿದರು. ಮಕ್ಕಳು ಕೈಗೆ ಅಂಟಿಸಿಕೊಳ್ಳುವ ಚಿತ್ರದಂತೆ ಅದು ಚರ್ಮಕ್ಕೆ ಹತ್ತಿಕೊಂಡು ತಗ್ಗುಗಳಿಗೂ ಇಳಿಯುತ್ತದೆ, ಲೇಪ ಬೇಕಿಲ್ಲ. ಹೃದಯ, ಸ್ನಾಯು, ಮಿದುಳುಗಳ ಸಂಕೇತಗಳನ್ನು ಅದರಿಂದ ಅಳೆದರು.

ಬಾಗುವುದು ಬೇರೆ, ಎಳೆತವನ್ನು ತಾಳುವುದು ಬೇರೆ. ಮೊಣಕೈ ಮಡಿಸಿದಾಗ ಚರ್ಮವು ಹಿಗ್ಗುತ್ತದೆ. ಆದುದರಿಂದ ಆ ಪಟ್ಟಿಯನ್ನು ಹಾವಿನ ನಡೆಯಂತೆ ಅಂಕುಡೊಂಕಾದ ಎಳೆಯಾಗಿ ಕತ್ತರಿಸಿದ್ದರು. ಅದು ನೂರಕ್ಕೆ 40ಕ್ಕೂ ಮಿಕ್ಕ ಎಳೆತವನ್ನು ತಾಳಿತು.

ಗ್ರಾಫೀನಿಗೆ ಇನ್ನೊಂದು ಕೊರತೆಯುಂಟು. ಅದು ಎಷ್ಟು ಒಳ್ಳೆಯ ವಾಹಕವೆಂದರೆ ಅದರಲ್ಲಿ ವಿದ್ಯುತ್ತನ್ನು ಪೂರ್ತಿಯಾಗಿ ತಡೆಯಲಾಗದು. ಗಣನೆಗೆ ಬೇಕಾದ ಸ್ವಿಚ್ಚು ಅದರಿಂದಾಗದು. ಆ ಕೆಲಸಕ್ಕೆ ಮಾಲಿಬ್ಡಿನಮ್ ಡೈಸಲ್ಫೈಡ್ ಒದಗಿತು. 2011ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ, 0.65 ನ್ಯಾನೋಮೀಟರ್ ದಪ್ಪದ ಅದರ ಹಾಳೆಯಿಂದ ಟ್ರಾನ್ಸಿಸ್ಟರನ್ನು ರಚಿಸಿದರು. ಅದು ತೆರೆದಾಗ ಹರಿದ ವಿದ್ಯುತ್ತು ಮುಚ್ಚಿದಾಗಿನದರ 10 ಕೋಟಿಯಷ್ಟಿತ್ತು.

ಉಳಿದ ಕಷ್ಟವು ಹಾಳೆಯದಲ್ಲ, ಕೂಡಿಕೆಯದೆಂದು ನಮಗೆ ತೋರುತ್ತದೆ. ಇಷ್ಟು ತೆಳುವಾದ ಪೊರೆಗೆ ವಿದ್ಯುತ್ಕೋಶವನ್ನೂ ತಂತಿಯನ್ನೂ ಜೋಡಿಸಲೇಬೇಕು. ಮೆದುವಾದುದು ಪೆಡಸಾದುದನ್ನು ಸೇರುವ ಅಂಚಿನಲ್ಲೇ ಮೊದಲ ಬಿರುಕು ಕಾಣಿಸಿಕೊಳ್ಳುತ್ತದೆ.