ಗೇಮ್‌ನಲ್ಲಿ ಕಾರು ಮಾಡಿಫೈ ಮಾಡಿದರೆ ಪಾಯಿಂಟ್, ರಸ್ತೆಯಲ್ಲಿ ಮಾಡಿದರೆ ದಂಡ: ಕಾನೂನು ಹೇಳುವುದೇನು?

ಪುಣೆ: ಪರದೆಯ ಮೇಲೆ ಒಂದು ಮಾಮೂಲಿ ಕಾರು. ಬಟನ್ ಒತ್ತಿದರೆ ಬಣ್ಣ ಬದಲಾಗುತ್ತದೆ, ಇನ್ನೊಂದು ಬಟನ್‌ಗೆ ಸೈಲೆನ್ಸರ್ ಗುಡುಗುತ್ತದೆ, ಮತ್ತೊಂದಕ್ಕೆ ಎಂಜಿನ್ನೇ ಬದಲಾಗುತ್ತದೆ. ಆಮೇಲೆ ರಾತ್ರಿಯ ನಗರದಲ್ಲಿ ರೇಸ್, ಬೆನ್ನ ಹಿಂದೆ ಪೊಲೀಸರು. ಪುಣೆಯ ಕೊಂಢವಾದ ಅಪಾರ್ಟ್‌ಮೆಂಟ್ ಇರಲಿ, ಬೆಂಗಳೂರು, ಹುಬ್ಬಳ್ಳಿಯ ಮನೆಗಳಿರಲಿ, ಹದಿಹರೆಯದ ಮಕ್ಕಳ ಮೊಬೈಲ್, ಕಂಪ್ಯೂಟರ್‌ಗಳಲ್ಲಿ ಇಂಥ ಗೇಮ್‌ಗಳು ಮಾಮೂಲಿ. ಆದರೆ ಅಲ್ಲಿ ಬಹುಮಾನ ತರುವ ಕೆಲಸಗಳಲ್ಲಿ ಹೆಚ್ಚಿನವು ನಿಜವಾದ ರಸ್ತೆಯಲ್ಲಿ ಅಪರಾಧ. ಈ ವ್ಯತ್ಯಾಸ ಮಕ್ಕಳಿಗಷ್ಟೇ ಅಲ್ಲ, ಪೋಷಕರಿಗೂ ಗೊತ್ತಿರಬೇಕು.

ಏನಿದು ಸ್ಟ್ರೀಟ್ ರೇಸಿಂಗ್ ಗೇಮ್?

ಕಾರನ್ನು ಬೇಕಾದಂತೆ ಬದಲಿಸಿ ನಗರದ ಬೀದಿಯಲ್ಲಿ ಓಡಿಸುವ ಆಟವನ್ನು ಮನೆಮಾತಾಗಿಸಿದ್ದು 2003ರ 'ನೀಡ್ ಫಾರ್ ಸ್ಪೀಡ್: ಅಂಡರ್‌ಗ್ರೌಂಡ್'. 2005ರ 'ಮೋಸ್ಟ್ ವಾಂಟೆಡ್' ಅದಕ್ಕೆ ಪೊಲೀಸ್ ಬೆನ್ನಟ್ಟುವಿಕೆಯ ರೋಚಕತೆ ಸೇರಿಸಿತು. ಈಗ 'ಫೋರ್ಜಾ ಹೊರೈಜನ್ 5', 'ನೀಡ್ ಫಾರ್ ಸ್ಪೀಡ್ ಅನ್‌ಬೌಂಡ್', ಮೊಬೈಲ್‌ನಲ್ಲಿ 'ಆಸ್ಫಾಲ್ಟ್', 'ಕಾರ್‌ಎಕ್ಸ್ ಸ್ಟ್ರೀಟ್' ಹೀಗೆ ಪಟ್ಟಿ ಉದ್ದವಿದೆ.

ಎಲ್ಲದರ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ. ರೇಸ್ ಗೆದ್ದರೆ ಹಣ, ಹಣದಿಂದ ಬಿಡಿಭಾಗ, ಬಿಡಿಭಾಗದಿಂದ ಇನ್ನಷ್ಟು ವೇಗ. ಅಪಘಾತಕ್ಕೆ ಬೆಲೆಯೇ ಇಲ್ಲ. ಫೋರ್ಜಾ ಹೊರೈಜನ್‌ನಲ್ಲಂತೂ ತಿರುವಿನಲ್ಲಿ ಗುದ್ದಿದರೆ 'ರಿವೈಂಡ್' ಒತ್ತಿ ಕೆಲವು ಸೆಕೆಂಡ್ ಹಿಂದಕ್ಕೆ ಹೋಗಬಹುದು.

ರಸ್ತೆಯಲ್ಲಿ ರಿವೈಂಡ್ ಇಲ್ಲ

ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡ್‌ಗೆ ಸುಮಾರು 28 ಮೀಟರ್ ಸಾಗುತ್ತದೆ. ಅಡ್ಡ ಬಂದವರನ್ನು ಕಂಡು ಚಾಲಕ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೂ ಪೂರ್ತಿ ನಿಲ್ಲಲು ಇನ್ನೂ 40-50 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಲಾರಿ, ಬೈಕ್, ಪಾದಚಾರಿಗಳು ಒಟ್ಟಿಗೆ ಸಾಗುವ ಕಾತ್ರಜ್-ಕೊಂಢವಾ ಮಾರ್ಗದಂಥ ರಸ್ತೆಯಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ.

ಪುಣೆ ಇದನ್ನು ಕಣ್ಣಾರೆ ಕಂಡಿದೆ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ 17 ವರ್ಷದ ಬಾಲಕ ಚಲಾಯಿಸುತ್ತಿದ್ದ ಎನ್ನಲಾದ ಪೋರ್ಷೆ ಕಾರು ಬೈಕ್‌ಗೆ ಡಿಕ್ಕಿ ಹೊಡೆದು ಇಬ್ಬರು ಯುವ ಎಂಜಿನಿಯರ್‌ಗಳು ಮೃತಪಟ್ಟರು. ಕಾರಿಗೆ ಕಾಯಂ ನೋಂದಣಿಯೇ ಆಗಿರಲಿಲ್ಲ, ಕರ್ನಾಟಕದ ತಾತ್ಕಾಲಿಕ ನೋಂದಣಿ ಮಾತ್ರ ಇತ್ತು. ಆರಂಭದಲ್ಲಿ ಬಾಲಕನಿಗೆ ಸಿಕ್ಕ ಜಾಮೀನಿಗೆ 300 ಪದಗಳ ಪ್ರಬಂಧ ಬರೆಯುವ ಷರತ್ತೂ ಇತ್ತು. ಇದು ದೇಶದಾದ್ಯಂತ ಆಕ್ರೋಶಕ್ಕೆ ಕಾರಣವಾಯಿತು. ಈ ಅಪಘಾತಕ್ಕೂ ವಿಡಿಯೊ ಗೇಮ್‌ಗೂ ನಂಟು ಕಲ್ಪಿಸಬೇಕಿಲ್ಲ. ಆದರೆ ಅಪ್ರಾಪ್ತರ ಕೈಗೆ ಶಕ್ತಿಶಾಲಿ ಕಾರಿನ ಕೀಲಿ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಮಾಡಿಫಿಕೇಶನ್: ಎಷ್ಟು ಸರಿ, ಎಷ್ಟು ತಪ್ಪು?

ಕಂಪನಿ ಮಾರಾಟಕ್ಕೆ ಬಿಡುವ ಪ್ರತಿ ಮಾದರಿಯೂ ಮೊದಲು ಅಧಿಕೃತ ಪರೀಕ್ಷೆ ಪಾಸಾಗಬೇಕು. ಅಂಥ ಪರೀಕ್ಷೆ ನಡೆಸುವ ಪ್ರಮುಖ ಸಂಸ್ಥೆ ಎಆರ್‌ಎಐ ಇರುವುದು ಪುಣೆಯಲ್ಲೇ. ಬ್ರೇಕ್, ದೀಪ, ಹೊಗೆ, ಶಬ್ದ ಎಲ್ಲವನ್ನೂ ಅಲ್ಲಿ ಅಳೆಯಲಾಗುತ್ತದೆ. ಆಮೇಲೆ ಮಾಲೀಕರು ಎಂಜಿನ್ ಶಕ್ತಿ ಹೆಚ್ಚಿಸಿದರೆ, ಬ್ರೇಕ್ ಮಾತ್ರ ಹಳೆಯ ಶಕ್ತಿಗೆ ತಕ್ಕಂತೆಯೇ ಉಳಿಯುತ್ತದೆ. ಕಾನೂನು ಬಿಗಿಯಾಗಿರುವುದು ಇದೇ ಕಾರಣಕ್ಕೆ.

* ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ.
* ನಿಯಮ ಮೀರಿದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂ. ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ.
* ಕಿವಿಗಡಚಿಕ್ಕುವ ಸೈಲೆನ್ಸರ್ ಹಾಕಿ ಶಬ್ದ ಮಿತಿ ಮೀರಿದರೆ 10,000 ರೂ.ವರೆಗೆ ದಂಡ, ಜೈಲು ಶಿಕ್ಷೆಗೂ ಅವಕಾಶ.
* ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲ 5,000 ರೂ.ವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು. ಮತ್ತೆ ಸಿಕ್ಕಿಬಿದ್ದರೆ 10,000 ರೂ. ದಂಡ, ಅಥವಾ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ.

ಹಾಗಾದರೆ ಏನೂ ಮಾಡುವಂತಿಲ್ಲವೇ? ಮಾಡಬಹುದು. ಅನುಮೋದಿತ ಸಿಎನ್‌ಜಿ ಕಿಟ್ ಅಳವಡಿಕೆ, ಬಣ್ಣ ಬದಲಾವಣೆಯಂಥವನ್ನು ಆರ್‌ಟಿಒ ಮೂಲಕ ಮಾಡಿಸಿ, ನೋಂದಣಿ ಪತ್ರದಲ್ಲಿ ನಮೂದಿಸಬೇಕು. ಸೀಟ್ ಕವರ್, ಮ್ಯೂಸಿಕ್ ಸಿಸ್ಟಂನಂಥ ಒಳಾಂಗಣದ ಸಣ್ಣಪುಟ್ಟ ಅಲಂಕಾರಕ್ಕೆ ತೊಂದರೆಯಿಲ್ಲ.

ಮಕ್ಕಳು ಓಡಿಸಿದರೆ ಹೊಣೆ ಯಾರದು?

ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧ ಎಸಗಿದರೆ ಸೆಕ್ಷನ್ 199ಎ ಅಡಿ ಪೋಷಕರು ಅಥವಾ ವಾಹನ ಮಾಲೀಕರೇ ಹೊಣೆ. 3 ವರ್ಷದವರೆಗೆ ಜೈಲು, 25,000 ರೂ. ದಂಡ, 12 ತಿಂಗಳು ವಾಹನದ ನೋಂದಣಿ ರದ್ದು. ಆ ಬಾಲಕ ಅಥವಾ ಬಾಲಕಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. 'ಅಂಗಡಿಗೆ ಹೋಗಿ ಬರಲಿ ಬಿಡಿ' ಎಂದು ಕೀಲಿ ಕೊಡುವ ಮುನ್ನ ಇದನ್ನು ನೆನಪಿಡುವುದು ಒಳ್ಳೆಯದು.

ಆಸಕ್ತಿಗೆ ದಾರಿ ಇದೆ

ಹಾಗೆಂದು ಗೇಮ್‌ಗೆ ಬೀಗ ಹಾಕಬೇಕಿಲ್ಲ. ಗೇರ್ ಅನುಪಾತ, ಟೈರ್ ಹಿಡಿತ, ಸಸ್ಪೆನ್ಷನ್ ಎಂದು ತಲೆ ಕೆಡಿಸಿಕೊಳ್ಳುವ ಹುಡುಗ ಹುಡುಗಿಯರಲ್ಲಿ ನಾಳಿನ ಎಂಜಿನಿಯರ್ ಇರಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಾಹನ ಕಟ್ಟಿ ಓಡಿಸುವ 'ಬಾಹಾ ಎಸ್‌ಎಇ ಇಂಡಿಯಾ', 'ಫಾರ್ಮುಲಾ ಭಾರತ್' ಸ್ಪರ್ಧೆಗಳಿವೆ. ವೇಗವೇ ಬೇಕೆಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಹೆಲ್ಮೆಟ್, ಆಂಬುಲೆನ್ಸ್, ನಿಯಮಗಳ ನಡುವೆ ರೇಸ್ ನಡೆಯುತ್ತದೆ.

ಗೇಮ್ ತಯಾರಿಕೆಯೂ ಒಂದು ವೃತ್ತಿ. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಫೋರ್ಜಾ ಸರಣಿಗೂ ಕೆಲಸ ಮಾಡಿತ್ತು. 2019ರಲ್ಲಿ ಅದನ್ನು 'ಜಿಟಿಎ' ಖ್ಯಾತಿಯ ರಾಕ್‌ಸ್ಟಾರ್ ಗೇಮ್ಸ್ ಖರೀದಿಸಿತು. ಪುಣೆಯಲ್ಲೂ ಸುಮೊ ಡಿಜಿಟಲ್, ಯೂಬಿಸಾಫ್ಟ್‌ನಂಥ ಸಂಸ್ಥೆಗಳು ಸ್ಟುಡಿಯೊ ನಡೆಸಿವೆ.

ಪೋಷಕರು ಗಮನಿಸಬೇಕಾದ ಇನ್ನೆರಡು ಸಂಗತಿ: ಗೇಮ್‌ನ ವಯಸ್ಸಿನ ರೇಟಿಂಗ್ ಮತ್ತು ಫೋನ್‌ಗೆ ಜೋಡಿಸಿದ ಪಾವತಿ ವ್ಯವಸ್ಥೆ. ಫೋರ್ಜಾ ಹೊರೈಜನ್ 5 ಎಲ್ಲ ವಯಸ್ಸಿನವರೂ ಆಡಬಹುದಾದ ಗೇಮ್. ಕಾರು ಮಾಡಿಫಿಕೇಶನ್ ಇರುವ ಜಿಟಿಎ ಮಾತ್ರ 17 ವರ್ಷ ದಾಟಿದವರಿಗೆ. ಇನ್ನು ಹಲವು ಉಚಿತ ಗೇಮ್‌ಗಳು ಬಿಡಿಭಾಗಗಳನ್ನು ಮಾರುವುದು ಅಸಲಿ ಹಣಕ್ಕೇ. ಆ್ಯಪ್ ಖರೀದಿಗೆ ಪಾಸ್‌ವರ್ಡ್ ಇಡುವುದು ಕ್ಷೇಮ. ಮಕ್ಕಳ ಜೊತೆ ಕೂತು ಒಂದು ರೇಸ್ ನೀವೂ ಆಡಿ ನೋಡಿ. ಯಾವುದು ಆಟ, ಯಾವುದು ರಸ್ತೆ ಎಂಬ ಮಾತು ಶುರು ಮಾಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗಲಿಕ್ಕಿಲ್ಲ.