ಪರಕೀಯರ ಬೆರಗೂ ನಮ್ಮ ಹೊಣೆಯೂ

ಚುನಾವಣೆಯ ಫಲಿತಾಂಶವು ಪ್ರಕಟವಾದೊಡನೆ ಪರದೇಶದವರು ಅದನ್ನು ಕುರಿತು ಏನೆಂದರೆಂದು ಕಿವಿಗೊಡುವ ಆತುರವು ನಮ್ಮ ಜನರಲ್ಲಿ ಇಂದಿಗೂ ಕುಂದಿಲ್ಲ. ಅವರು ಹೊಗಳಿದರೆ ಹಿಗ್ಗುವುದು, ಹಳಿದರೆ ಕುಗ್ಗುವುದು ರೂಢಿಯಾಗಿ ಹೋಗಿದೆ. ಈ ರೂಢಿಯು ಸ್ವತಂತ್ರ ಜನಾಂಗಕ್ಕೆ ತಕ್ಕುದೇ ಎಂಬುದನ್ನು ನಮ್ಮ ಪ್ರಥಮ ಮಹಾಚುನಾವಣೆಯ ನಿದರ್ಶನದಿಂದ ವಿಚಾರಿಸಬಯಸುತ್ತೇವೆ.

1951ರ ಅಕ್ಟೋಬರದಿಂದ 1952ರ ಫೆಬ್ರುವರಿಯವರೆಗೆ ನಡೆದ ಆ ಚುನಾವಣೆಯಲ್ಲಿ ಮತದಾರರ ಸಂಖ್ಯೆಯು 17 ಕೋಟಿಯನ್ನು ಮೀರಿತ್ತು. ಅವರಲ್ಲಿ ಬಹುಜನರು ಓದುಬರಹವನ್ನರಿಯದವರು. ಆಗತಾನೇ ದಿಲ್ಲಿಗೆ ಬಂದಿದ್ದ ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸರು ಈ ಪ್ರಯೋಗವು ವಿಫಲವಾದೀತೆಂದು ಅಂಜಿದ್ದರು. ಬಡರಾಷ್ಟ್ರಗಳಿಗೆ ಪ್ರಜಾಪ್ರಭುತ್ವಕ್ಕೆ ಮೊದಲು ಸಜ್ಜನನಾದ ಸರ್ವಾಧಿಕಾರಿಯೊಬ್ಬನ ಆಳಿಕೆ ಬೇಕೆಂಬುದು ಅವರ ಪೂರ್ವಗ್ರಹವಾಗಿತ್ತು. ಮತದಾನದ ಕಾಲದಲ್ಲಿ ದೇಶವನ್ನು ಸುತ್ತಿ, ಬ್ರಾಹ್ಮಣನೂ ಅಸ್ಪೃಶ್ಯನೆನಿಸಿಕೊಂಡವನೂ ಒಂದೇ ಸಾಲಿನಲ್ಲಿ ನಿಂತುದನ್ನು ಕಂಡ ಬಳಿಕ ಅವರು ಆ ಅಭಿಪ್ರಾಯವನ್ನು ತೊರೆದರು. ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡ ಈ ಸೌಜನ್ಯವು ಶ್ಲಾಘ್ಯವೇ ಸರಿ.

ಆದರೆ ಅವರ ಬೆರಗಿಗೆ ಕಾರಣವು ನಮ್ಮ ಜನರ ಆಕಸ್ಮಿಕ ಸಾಮರ್ಥ್ಯವಲ್ಲ. ಆ ಜನರನ್ನು ಅರಿಯದಿದ್ದುದೇ ಕಾರಣ. ಗದಗ ಪ್ರಾಂತದ ಇತಿಹಾಸವನ್ನು ಬಲ್ಲವರು ಹಾಗೆ ಬೆರಗಾಗಲಾರರು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಒಕ್ಕಲಿಗರು ಸಹಕಾರಿ ಸಂಘವನ್ನು ಕಟ್ಟಿ, ಸಾಲದ ವ್ಯವಹಾರವನ್ನು ತಾವೇ ಒಡಗೂಡಿ ನಡೆಸತೊಡಗಿದುದು 1905ರಲ್ಲಿ. ಮುಂಡರಗಿಯ ಭೀಮರಾಯನು ಪರಪ್ರಭುತ್ವವನ್ನೆದುರಿಸಿ 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದನು. ಶಿರಹಟ್ಟಿಯು ಸಾಂಗಲಿಯ, ಲಕ್ಷ್ಮೇಶ್ವರವು ಮಿರಜದ ಸಂಸ್ಥಾನಿಕರ ಕೈಯಲ್ಲಿದ್ದುವು. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಅಂದಿನವರೆಗೆ ಅರಸರ ಪ್ರಜೆಗಳಾಗಿದ್ದವರು ನಾಲ್ಕೇ ವರ್ಷಗಳಲ್ಲಿ ತಮ್ಮ ಸರಕಾರವನ್ನು ತಾವೇ ಆರಿಸುವ ಅಧಿಕಾರಿಗಳಾದರು.

ಹೊಗಳಿಕೆಗೆ ಹಿಗ್ಗುವುದರಲ್ಲಿ ಇನ್ನೊಂದು ಅಪಾಯವೂ ಉಂಟು: ನಮ್ಮ ಕುಂದುಗಳು ಅದರಲ್ಲಿ ಮರೆಯಾಗುತ್ತವೆ. ಅದೇ ಚುನಾವಣೆಯಲ್ಲಿ, ಬಹುಮಟ್ಟಿಗೆ ಉತ್ತರದ ಪ್ರಾಂತಗಳಲ್ಲಿ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಯಿಸಿ ಸ್ವಂತ ಹೆಸರನ್ನು ಹೇಳದಿದ್ದ ಸುಮಾರು 28 ಲಕ್ಷ ಸ್ತ್ರೀಯರು ಮತದಾರರ ಪಟ್ಟಿಯಿಂದ ಹೊರಗುಳಿದರು. ಶೇಕಡಾ 45ರಷ್ಟು ಮತಗಳನ್ನು ಪಡೆದ ಕಾಂಗ್ರೆಸ್ಸಿಗೆ ಲೋಕಸಭೆಯ 489 ಸ್ಥಾನಗಳಲ್ಲಿ 364 ದೊರೆತುವು. ಗೆದ್ದವರ ಸ್ಥಾನಬಲವೇ ಜನಾಭಿಪ್ರಾಯದ ನಿಜವಾದ ಅಳತೆಯಲ್ಲವೆಂಬ ಎಚ್ಚರಿಕೆಯು ಆ ಮೊದಲ ಫಲಿತಾಂಶದಲ್ಲಿಯೇ ಅಡಗಿತ್ತು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಇಂದು ಹಾವೇರಿ ಲೋಕಸಭಾ ಮತಕ್ಷೇತ್ರಕ್ಕೆ ಸೇರಿವೆ. ಇಲ್ಲಿಯ ಮತದಾರ ಬಂಧುಭಗಿನಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಫಲಿತಾಂಶದ ಬೆಲೆಯನ್ನು ಲಂಡನ್ನಿನ, ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಹುಡುಕಬೇಡಿರಿ. ಸಿಂಗಟಾಲೂರು ಏತ ನೀರಾವರಿಯ ನೀರು ಹೊಲವನ್ನು ಮುಟ್ಟಿತೇ, ಬೆಟಗೇರಿಯ ನೇಕಾರನ ಕೂಲಿಯು ಅವನ ಸಂಸಾರಕ್ಕೆ ಸಾಲುವುದೇ, ಆರಿಸಿ ಹೋದವರು ಮರಳಿ ಬಂದು ಲೆಕ್ಕವನ್ನೊಪ್ಪಿಸಿದರೇ ಎಂದು ಕೇಳಿರಿ. ಪರಕೀಯರು ಬೆರಗಾಗಲಿ, ಬಿಡಲಿ. ಈ ಪ್ರಶ್ನೆಗಳನ್ನು ಕೇಳಬೇಕಾದವರು ನಾವೇ.